ನಿಮಗಿದು ಗೊತ್ತೇ? ಚಿಟಿಕೆ ಜೇಡಿ, ಬೊಗಸೆ ನಾರು, ಗುಜರಿ ಪ್ಲಾಸ್ಟಿಕ್

ತೆಂಗಿನ ನಾರೋ ಮರದ ಹೊಟ್ಟೋ ಒಂದಿಷ್ಟು, ಗುಜರಿಗೆ ಹೋದ ಬಕೆಟ್ಟು-ಕೊಡಗಳ ಚೂರು ಒಂದಿಷ್ಟು. ಎರಡನ್ನೂ ಕಾಸಿ, ಬೆರೆಸಿ ಹಲಗೆ ಎಳೆಯುವುದು ಈಗ ದೊಡ್ಡ ಉದ್ಯಮ. ಅದಕ್ಕೆ ನೂರಕ್ಕೆ ಎರಡು-ಮೂರು ಪಾಲು ಜೇಡಿಮಣ್ಣು ಸರಿಯಾಗಿ ಬೆರೆಸಿದರೆ ಹಲಗೆ ಇನ್ನಷ್ಟು ಬಿಗಿಯಾಗುತ್ತದೆ, ನೀರು ಕುಡಿಯುವುದು ತಗ್ಗುತ್ತದೆ, ಬೆಂಕಿ ಬಿದ್ದರೆ ಉರಿಯುವ ರಭಸವೂ ಇಳಿಯುತ್ತದೆ. ಇಷ್ಟೆಲ್ಲ ಲಾಭ ಪುಗಸಟ್ಟೆಯೇ ಎಂದು ಹುಬ್ಬೇರಿಸುವವರಿಗೆ ಈ ಕಂತು. ಮಣ್ಣು ಹಾಕುವುದು ಸುಲಭ, ಅದನ್ನು ಹರಡುವುದೇ ಕಷ್ಟ.

◆ ನ್ಯಾನೋಜೇಡಿ ಎಂದೊಡನೆ ಬಿಳಿ ಕೋಟು, ಗಾಜಿನ ನಳಿಕೆ ಕಣ್ಣಮುಂದೆ ಬರಬಹುದು. ಅಸಲಿಗೆ ಅದು ನೆಲ ಅಗೆದು ತೆಗೆದ ಮಣ್ಣೇ. ಮುಖ್ಯ ಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಫ್ರಾನ್ಸಿನ ಮಾಂಟ್‌ಮೊರಿಲಾನ್ ಊರಿನ ಬಳಿ ಸಿಕ್ಕಿದ್ದಕ್ಕೆ 1847ರಲ್ಲಿ ಈ ಹೆಸರಿಟ್ಟರು. ಈ ಖನಿಜ ತುಂಬಿದ ಮಣ್ಣು ಬೆಂಟೊನೈಟ್. ಅದಕ್ಕೆ ಆ ಹೆಸರು ಬಂದದ್ದು 1898ರಲ್ಲಿ, ಅಮೆರಿಕದ ವಯೋಮಿಂಗ್‌ನಲ್ಲಿರುವ ಬೆಂಟನ್ ಶೇಲ್ ಎಂಬ ಶಿಲಾಪದರದಿಂದ. ಜ್ವಾಲಾಮುಖಿ ಉಗುಳಿದ ಬೂದಿ ನೀರಿಗೆ ಬಿದ್ದು, ಲಕ್ಷಾಂತರ ವರ್ಷ ಮಾಗಿ ಆದ ಮಣ್ಣಿದು. ಭಾರತದಲ್ಲಿ ಇದರ ಕಣಜ ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾರ್ಮೇರ್.

◆ ಇದರ ದಾಯಾದಿ ನಮ್ಮಲ್ಲೂ ಇದೆ. ಗದಗ, ಧಾರವಾಡ, ವಿಜಯಪುರ ಕಡೆಯ ಎರೆಭೂಮಿಯಲ್ಲಿ ತುಂಬಿರುವುದು ಇದೇ ಬಳಗದ ಜೇಡಿ. ಮಳೆ ಬಿದ್ದ ಮರುದಿನ ಎರೆಹೊಲಕ್ಕೆ ಇಳಿದವರಿಗೆ ಗೊತ್ತು: ಹೆಜ್ಜೆ ಹೆಜ್ಜೆಗೂ ಮಣ್ಣು ಮೆತ್ತಿಕೊಂಡು, ಕೊನೆಗೆ ಚಪ್ಪಲಿ ಕೈಗೆ ಬರುತ್ತದೆ. ಅದೇ ಹೊಲ ಏಪ್ರಿಲ್ ಹೊತ್ತಿಗೆ ಬಾಯಿ ಬಿಟ್ಟುಕೊಂಡಿರುತ್ತದೆ. ಬಿರುಕಿಗೆ ಕೋಲು ಇಳಿಸಿದರೆ ಮೊಣಕಾಲುದ್ದ ಸಲೀಸಾಗಿ ಹೋಗುತ್ತದೆ. ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುವುದು, ಆರಿದರೆ ಕುಗ್ಗುವುದು ಈ ಜೇಡಿಯ ಚಾಳಿ. ಮನೆ ಕಟ್ಟುವವರು ಶಪಿಸುವ ಈ ಚಾಳಿಯೇ ಪ್ಲಾಸ್ಟಿಕ್ ವಿಜ್ಞಾನಿಗಳಿಗೆ ಬೇಕಾದದ್ದು. ನೀರು ನುಗ್ಗುವ ಸಂದಿಯಲ್ಲಿ ಪ್ಲಾಸ್ಟಿಕ್ಕನ್ನೂ ನುಗ್ಗಿಸಬಹುದಲ್ಲ! ಹಾಗೆಂದು ಹೊಲದ ಮಣ್ಣನ್ನು ಚೀಲಕ್ಕೆ ತುಂಬಿ ಕಾರ್ಖಾನೆಗೆ ಒಯ್ಯಬೇಡಿ. ಮರಳು, ಸುಣ್ಣದ ಹರಳು, ಕಬ್ಬಿಣದ ಅಂಶ ಎಲ್ಲ ತೆಗೆದು ಶುದ್ಧ ಮಾಡಿದ ಜೇಡಿಗೆ ಮಾತ್ರ ಅಲ್ಲಿ ಪ್ರವೇಶ.

◆ ಎಲ್ಲ ಜೇಡಿಗೂ ಈ ಗುಣವಿಲ್ಲ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ಹೆಚ್ಚಾಗಿರುವ ಕೇಯೋಲಿನೈಟ್ ನೀರಿಗೆ ಉಬ್ಬುವುದಿಲ್ಲ.

◆ ಮಾಂಟ್‌ಮೊರಿಲೊನೈಟ್‌ನ ಒಂದೊಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಗಲ ಮಾತ್ರ ಅದರ ನೂರು ಪಟ್ಟಿನಿಂದ ಸಾವಿರ ಪಟ್ಟು. ಪದರಗಳನ್ನೆಲ್ಲ ಬಿಡಿಸಿ ಎರಡೂ ಮೈ ಅಳೆದರೆ ಒಂದೇ ಒಂದು ಗ್ರಾಂ ಜೇಡಿಯ ಮೇಲ್ಮೈ ಸುಮಾರು 750 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ 30-40ರ ಆರು ಸೈಟಿಗೂ ಹೆಚ್ಚು! ನೂರಕ್ಕೆ ಮೂರು ಪಾಲು ಏಕೆ ಸಾಕಾಗುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

◆ ಆದರೆ ಅಂಗಡಿಯಿಂದ ಬರುವ ಚೀಲದ ಪುಡಿ ಇನ್ನೂ ನ್ಯಾನೋ ಆಗಿರುವುದಿಲ್ಲ. ಆ ಪುಡಿಯ ಒಂದೊಂದು ಕಣದಲ್ಲೂ ಲಕ್ಷಗಟ್ಟಲೆ ಪದರಗಳು ಒಂದಕ್ಕೊಂದು ಅಂಟಿ ಕುಳಿತಿರುತ್ತವೆ. ಬಿಡಿಸುವ ಕೆಲಸ ಕೊಂಡವರದು. ಬಿಡಿಸದೇ ಹಾಕಿದರೆ ಅದು ಬರೀ ಮಣ್ಣು, ಲೇಬಲ್ ಏನೇ ಹೇಳಲಿ.

◆ ಬಟ್ಟೆ ಮೆದುವಾಗಲೆಂದು ಒಗೆದ ಮೇಲೆ ಹಾಕುವ ಫ್ಯಾಬ್ರಿಕ್ ಕಂಡೀಷನರ್‌ಗೂ ನ್ಯಾನೋಜೇಡಿಗೂ ನಂಟಿದೆ. ಜೇಡಿಯ ಪದರಗಳ ನಡುವೆ ಸಹಜವಾಗಿ ಇರುವುದು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು. ಅವಕ್ಕೆ ನೀರೆಂದರೆ ಪ್ರೀತಿ, ಎಣ್ಣೆ ಜಾತಿಯ ಪ್ಲಾಸ್ಟಿಕ್ ಕಂಡರೆ ಆಗದು. ಹಾಗಾಗಿ ಅವನ್ನು ಹೊರಗಟ್ಟಿ, ಉದ್ದ ಬಾಲದ ಅಮೋನಿಯಂ ಲವಣಗಳನ್ನು ಒಳಗೆ ಕೂರಿಸುತ್ತಾರೆ. ಬಟ್ಟೆ ಮೆದುಗೊಳಿಸುವ ದ್ರವಗಳಲ್ಲೂ ಬಹುಕಾಲ ಬಳಕೆಯಲ್ಲಿದ್ದದ್ದು ಇದೇ ಕುಟುಂಬದ ಲವಣ. ಕ್ಲೋಯ್‌ಸೈಟ್ ಎಂಬ ಹೆಸರಾಂತ ಬ್ರ್ಯಾಂಡಿನ ಕೆಲವು ಜೇಡಿಗಳಲ್ಲಿ ಈ ಬಾಲ ತಯಾರಾಗುವುದು ಪ್ರಾಣಿಗಳ ಕೊಬ್ಬಿನಿಂದ! ಬಾಲ ಸೇರಿದ ಮೇಲೆ, ಮೊದಲು 1.2 ನ್ಯಾನೋಮೀಟರ್ ಆಸುಪಾಸಿನಲ್ಲಿದ್ದ ಪದರಗಳ ಅಂತರ ಎರಡು, ಮೂರಕ್ಕೆ ಏರುತ್ತದೆ. ಬಾಗಿಲು ಅರೆ ತೆರೆದಂತಾಯಿತು. ದೂಡುವ ಕೆಲಸ ಯಂತ್ರದ್ದು.

◆ ಈ ಕಥೆಗೆ ನಾಂದಿ ಹಾಡಿದ್ದು ಕಾರಿನ ಕಂಪನಿ. 1980ರ ದಶಕದಲ್ಲಿ ಜಪಾನಿನ ಟೊಯೊಟಾ ಸಂಶೋಧನಾಲಯದವರು ನೈಲಾನ್-6ಕ್ಕೆ ಶೇ. 5ಕ್ಕೂ ಕಡಿಮೆ ಜೇಡಿ ಸೇರಿಸಿ ನೋಡಿದರು. ಭಾರ ಹೇರಿದಾಗ ನೈಲಾನ್ ಬಾಗತೊಡಗುವ ಉಷ್ಣತೆ 65 ಡಿಗ್ರಿಯ ಬಳಿಯಿಂದ 150ರ ಹತ್ತಿರಕ್ಕೆ ನೆಗೆಯಿತು. ಎಂಜಿನ್ ಪಕ್ಕದಲ್ಲಿ ಕೂರುವ ಟೈಮಿಂಗ್ ಬೆಲ್ಟಿನ ಮುಚ್ಚಳ ಇದರಿಂದ ತಯಾರಾಯಿತು.

◆ 2002ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ತನ್ನ ಸಫಾರಿ, ಆ್ಯಸ್ಟ್ರೋ ವ್ಯಾನುಗಳಿಗೆ ಹತ್ತುವ ಮೆಟ್ಟಿಲನ್ನು ಜೇಡಿ ಬೆರೆತ ಪ್ಲಾಸ್ಟಿಕ್‌ನಲ್ಲಿ ಮಾಡಿತು. ಶೇ. 2.5ರಷ್ಟು ನ್ಯಾನೋಜೇಡಿ ಕೊಡುವ ಬಿಗಿಯನ್ನು ಟಾಲ್ಕ್ ಪುಡಿಯಿಂದ ಪಡೆಯಲು ಹತ್ತು ಪಟ್ಟು ಹಾಕಬೇಕಿತ್ತು. 2004ರ ಷೆವ್ರೊಲೆ ಇಂಪಾಲಾ ಕಾರಿನ ಪಕ್ಕದ ಪಟ್ಟಿಗೂ ಇದೇ ಮಿಶ್ರಣ ಬಂತು.

◆ ಹಾಗಾದರೆ ಹಳೆ ಬಕೆಟ್ಟಿಗೂ ಹೀಗೇ ಬೆರೆಸಿದರಾಯಿತಲ್ಲ? ಆಗುವುದಿಲ್ಲ. ನೈಲಾನ್ ಅಣುವಿನಲ್ಲಿ ಜೇಡಿಯ ಕೈ ಹಿಡಿಯುವ ಭಾಗಗಳಿವೆ. ಬಕೆಟ್, ಕೊಡ, ಹಾಲಿನ ಕವರುಗಳ ಪಾಲಿಥಿಲೀನು, ಪಾಲಿಪ್ರೊಪಿಲೀನುಗಳಲ್ಲಿ ಅಂಥದ್ದೇನೂ ಇಲ್ಲ. ಅವು ಅಪ್ಪಟ ಎಣ್ಣೆಯ ವಂಶ. ಬಾಲ ಹಚ್ಚಿದ ಜೇಡಿಯನ್ನೂ ಪೂರ್ತಿ ನಂಬುವುದಿಲ್ಲ. ಇತ್ತ ಸಸ್ಯನಾರಿನ ಮೈತುಂಬ ನೀರನ್ನು ಸೆಳೆಯುವ ಹೈಡ್ರಾಕ್ಸಿಲ್ ಗುಂಪುಗಳು. ಅದಕ್ಕೂ ಪ್ಲಾಸ್ಟಿಕ್‌ಗೂ ಮಾತುಕತೆಯಿಲ್ಲ. ಈ ಎರಡು ಜಗಳಕ್ಕೂ ರಾಜಿ ಮಾಡಿಸುವ ಹಿರಿಯ ಒಬ್ಬನೇ: ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಪ್ಲಾಸ್ಟಿಕ್. ಇದರ ಒಂದು ತುದಿ ನಾರಿಗೋ ಜೇಡಿಗೋ ಅಂಟಿದರೆ ಉಳಿದ ಮೈ ಪ್ಲಾಸ್ಟಿಕ್ಕಿನಲ್ಲಿ ಕರಗಿ ಕೂರುತ್ತದೆ. ತೊಡಕು ಎಲ್ಲಿ ಅಂದರೆ, ಜೇಡಿಯ ಮೈ ಅಷ್ಟೊಂದು ಅಗಲವಾದ್ದರಿಂದ ನಾರಿನ ಪಾಲಿನ ಅಂಟನ್ನೂ ಅದೇ ಕಬಳಿಸಬಹುದು. ಆಗ ಜೇಡಿ ಚೆನ್ನಾಗಿ ಹರಡಿದ್ದರೂ ನಾರು ಸಡಿಲ. ಅಂಟಿನ ಅಳತೆ ತಪ್ಪಿದರೆ ಜೇಡಿ ಹಾಕಿದ ಹಲಗೆ ಹಾಕದ್ದಕ್ಕಿಂತ ಕಳಪೆಯಾದೀತು.

◆ ಸಸ್ಯನಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಂದಿ, ಸುಟ್ಟ ವಾಸನೆ ಹೊಡೆಯತೊಡಗುತ್ತದೆ. ಗಟ್ಟಿ ಪಾಲಿಥಿಲೀನು ಕರಗುವುದು 130ರ ಆಸುಪಾಸಿನಲ್ಲಿ, ಪಾಲಿಪ್ರೊಪಿಲೀನು 165ರ ಹತ್ತಿರ. ಇವೆರಡಕ್ಕೆ ನಾರಿನ ಸಂಗ ಸರಿಹೋಗುತ್ತದೆ. ಊರ ತುಂಬ ಬಿದ್ದಿರುವ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಕರಗಲು 250 ಡಿಗ್ರಿ ಬೇಕು. ಅಷ್ಟು ಬಿಸಿಗೆ ನಾರು ಸುಟ್ಟು ಕರಕಲು. ಬಾಟಲಿ ರಾಶಿಗೂ ತೆಂಗಿನ ಸಿಪ್ಪೆ ರಾಶಿಗೂ ಗಂಟು ಹಾಕುವುದು ಭಾಷಣದಲ್ಲಿ ಸುಲಭ, ಕರಗಿಸುವ ಯಂತ್ರದ ಬ್ಯಾರಲ್ಲಿನಲ್ಲಿ ಕಷ್ಟ. ಜೇಡಿಗೆ ಹಚ್ಚಿದ ಆ ಅಮೋನಿಯಂ ಬಾಲವೂ 200 ಡಿಗ್ರಿಯ ಸುತ್ತಮುತ್ತಲೇ ಬಿಟ್ಟುಕೊಳ್ಳತೊಡಗುತ್ತದೆ ಎಂಬುದು ಇನ್ನೊಂದು ತಲೆನೋವು.

◆ ಬಿಸಿಲಲ್ಲಿ ಗರಿಗರಿಯಾಗಿ ಒಣಗಿದ ನಾರಿನಲ್ಲೂ ತೂಕದ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ನೀರೇ ಇರಬಹುದು. ಅದನ್ನು ಹಾಗೇ ಯಂತ್ರಕ್ಕೆ ಸುರಿದರೆ ನೀರು ಉಗಿಯಾಗಿ ಹಲಗೆಯ ಒಳಗೆಲ್ಲ ಗುಳ್ಳೆ. ಆದ್ದರಿಂದ ಒಲೆಯಲ್ಲಿ ಗಂಟೆಗಟ್ಟಲೆ ಒಣಗಿಸಿಯೇ ಮುಂದಿನ ಹೆಜ್ಜೆ. ಆಮೇಲೆ ಬರುವುದು ಜೋಡಿ ಸ್ಕ್ರೂ ಎಕ್ಸ್‌ಟ್ರೂಡರ್. ಮೇಲಿನ ಹಾಪರ್‌ಗೆ ಪ್ಲಾಸ್ಟಿಕ್ ಕಾಳು, ಜೇಡಿ ಪುಡಿ, ಅಂಟು. ಉದ್ದನೆಯ ಬಿಸಿ ಬ್ಯಾರಲ್‌ನೊಳಗೆ ಎರಡು ಸ್ಕ್ರೂಗಳು ಒಂದರ ಸಂದಿಗೆ ಇನ್ನೊಂದು ಸಿಕ್ಕಿಕೊಂಡು ತಿರುಗುತ್ತ ಕರಗಿದ ಮುದ್ದೆಯನ್ನು ಅರೆಯುತ್ತ ಮುಂದೂಡುತ್ತವೆ. ಆ ಅರೆತದಲ್ಲೇ ಜೇಡಿಯ ಪದರಗಳು ಜಾರಿ ಬಿಡಿಬಿಡಿಯಾಗಬೇಕು. ಅರ್ಧ ದಾರಿಯಲ್ಲಿ ಪಕ್ಕದ ಬಾಯಿಂದ ನಾರು ಬಂದು ಸೇರುತ್ತದೆ; ಮುಂದೊಂದು ಕಿಂಡಿಯಲ್ಲಿ ಉಳಿದ ಉಗಿ ಹೊರಗೆ. ಕೊನೆಗೆ ಕಂದು ಎಳೆಗಳು ಹೊರಬಂದು, ತಣ್ಣಗಾಗಿ, ಕತ್ತರಿಸಿ ಕಾಳಾಗುತ್ತವೆ.

ನಾರನ್ನು ತಡವಾಗಿ ಸೇರಿಸುವುದು ಏಕೆ? ಜೇಡಿಗೆ ಬೇಕಾದದ್ದು ಜೋರು ಅರೆತ, ನಾರಿಗೆ ಬೇಕಾದದ್ದು ಮೆದು ಕೈ. ಜೋರಾಗಿ ಅರೆದರೆ ಜೇಡಿ ಬಿಡುತ್ತದೆ, ನಾರು ತುಂಡಾಗುತ್ತದೆ. ಮೆಲ್ಲಗೆ ಅರೆದರೆ ನಾರು ಉಳಿಯುತ್ತದೆ, ಜೇಡಿ ಗಂಟು ಕಟ್ಟುತ್ತದೆ. ಒಂದೇ ಯಂತ್ರದಲ್ಲಿ ಇಬ್ಬರನ್ನೂ ಸಮಾಧಾನಪಡಿಸುವುದು ಈ ಕಸುಬಿನ ಅಸಲಿ ಕಷ್ಟ. ಜಾಣರು ಜೇಡಿ ಹೆಚ್ಚಾಗಿ ತುಂಬಿದ ಕಾಳನ್ನು ಮೊದಲೇ ಬೇರೆಯಾಗಿ ಮಾಡಿಟ್ಟುಕೊಳ್ಳುತ್ತಾರೆ. ಮಾಸ್ಟರ್‌ಬ್ಯಾಚ್ ಎನ್ನುವುದು ಅದನ್ನೇ. ನಾರಿನ ಸರದಿಯಲ್ಲಿ ಅದನ್ನು ಬೆರೆಸಿದರೆ ಸಾಕು.

◆ ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಹತ್ತಿ ಬಟ್ಟೆಯನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ, ನೂಲು ಉಬ್ಬಿ ಗಟ್ಟಿಯಾಗುವುದನ್ನು ಕಂಡುಕೊಂಡರು. ಮರ್ಸರೈಸ್ಡ್ ಕಾಟನ್ ಎಂದು ಬಟ್ಟೆ ಅಂಗಡಿಯಲ್ಲಿ ಕೇಳಿರುತ್ತೀರಿ, ಅದೇ. ಇಂದಿಗೂ ಪ್ರಯೋಗಾಲಯಗಳಲ್ಲಿ ತೆಂಗಿನ ನಾರು, ಕತ್ತಾಳೆ ನಾರುಗಳಿಗೆ ಮೊದಲ ಸ್ನಾನ ಸೋಡಾ ನೀರಿನಲ್ಲೇ. ಮೇಲಿನ ಮೇಣ, ಕೊಳೆ ಕಳಚಿ ಮೈ ಒರಟಾದರೆ ಪ್ಲಾಸ್ಟಿಕ್‌ಗೆ ಹಿಡಿತ ಸಿಗುತ್ತದೆ.

◆ ಉತ್ತರ ಕರ್ನಾಟಕದ ಊಟದಲ್ಲಿ ಪುಂಡಿಪಲ್ಯೆ ಬಡಿಸಿಕೊಳ್ಳುವವರೇ, ಕೇಳಿ. ಪುಂಡಿಯ ಬಳಗದ ಕೆನಾಫ್ ಗಿಡದ ನಾರು ಕೆಲವು ಟೊಯೊಟಾ ಕಾರುಗಳ ಬಾಗಿಲ ಒಳಹಲಗೆಗೆ ಬಳಕೆಯಾಗಿದೆ. ನಮ್ಮ ರೈತರು ಅದೇ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು.

◆ ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರು ನೆನಪಿದೆಯೇ? ಬರ್ಲಿನ್ ಗೋಡೆ ಬಿದ್ದಾಗ ಹೊಗೆ ಉಗುಳುತ್ತ ಸಾಲುಸಾಲಾಗಿ ಪಶ್ಚಿಮಕ್ಕೆ ಹೊರಟ ಪುಟ್ಟ ಡಬ್ಬಿ. ಅದರ ಹೊರಮೈ ಡ್ಯೂರೋಪ್ಲಾಸ್ಟ್: ಸೋವಿಯತ್ ಒಕ್ಕೂಟದಿಂದ ಬಂದ ಹತ್ತಿಯ ಕಸರು, ಜೊತೆಗೆ ಫಿನಾಲ್ ರಾಳ. ಉಕ್ಕಿನ ಹಾಳೆಗೆ ಬರ ಇದ್ದ ದೇಶ ಕಂಡುಕೊಂಡ ದಾರಿ. 1957ರಿಂದ 1991ರವರೆಗೆ ಸ್ವಿಕಾವು ನಗರದಲ್ಲಿ ಸುಮಾರು 30 ಲಕ್ಷ ಕಾರುಗಳು ತಯಾರಾದವು. ತುಕ್ಕು ಹಿಡಿಯದ ಮೈ, ನಿಜ. ಆದರೆ ಆ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು; ಹಳೆ ಟ್ರಾಬಾಂಟ್‌ಗಳನ್ನು ಏನು ಮಾಡುವುದು ಎಂಬುದು ಜರ್ಮನಿಗೆ ದೊಡ್ಡ ತಲೆಬಿಸಿಯಾಯಿತು. ಇಂದು ಕರಗುವ ಪ್ಲಾಸ್ಟಿಕ್‌ನಲ್ಲಿ ನಾರು ಬೆರೆಸುವುದರ ಹೆಚ್ಚುಗಾರಿಕೆ ಇಲ್ಲಿ ಕಾಣುತ್ತದೆ.

◆ ಎರಡನೇ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ಸಿಗದೇ ಹೋದರೆ ಎಂಬ ಭಯಕ್ಕೆ ಬ್ರಿಟನ್ನಿನಲ್ಲಿ ಅಗಸೆ ನಾರು, ಫಿನಾಲ್ ರಾಳದಿಂದ ಸ್ಪಿಟ್‌ಫೈರ್ ಯುದ್ಧವಿಮಾನದ ಒಡಲನ್ನೇ ಮಾಡಿ ನೋಡಿದ್ದರು. ಅಲ್ಯೂಮಿನಿಯಂ ಸಿಕ್ಕಿತು, ಅಗಸೆ ವಿಮಾನ ಪ್ರಯೋಗಕ್ಕೇ ನಿಂತಿತು.

◆ ನಾರುಗಳಲ್ಲೂ ಒಂದೊಂದರ ಗುಣ ಒಂದೊಂದು. ತೆಂಗಿನ ನಾರಿನಲ್ಲಿ ಲಿಗ್ನಿನ್ ಶೇ. 40ಕ್ಕೂ ಹೆಚ್ಚು, ಅದಕ್ಕೇ ಬಾವಿ ಹಗ್ಗ ನೀರಲ್ಲಿ ನೆನೆದು ನೆನೆದೂ ಬೇಗ ಕೊಳೆಯುವುದಿಲ್ಲ. ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಆದರೆ ಬಿಗಿ ಕಡಿಮೆ. ಸೆಣಬು, ಅಗಸೆ, ಕತ್ತಾಳೆ ಇದಕ್ಕೆ ವಿರುದ್ಧ: ಸೆಲ್ಯುಲೋಸ್ ಹೆಚ್ಚು, ಬಿಗಿ ಹೆಚ್ಚು. ಗಾಜಿನ ನಾರಿನ ಸಾಂದ್ರತೆ ನೀರಿನ ಸುಮಾರು 2.5 ಪಟ್ಟು, ಸಸ್ಯನಾರುಗಳದ್ದು 1.2ರಿಂದ 1.5 ಪಟ್ಟು. ಕಾರಿನವರಿಗೆ ಸಸ್ಯನಾರಿನ ಮೇಲೆ ಕಣ್ಣು ಬಿದ್ದದ್ದು ಪರಿಸರ ಪ್ರೇಮದಿಂದ ಎನ್ನುವುದಕ್ಕಿಂತ ಈ ತೂಕದ ಲೆಕ್ಕದಿಂದ ಎಂದು ನನ್ನ ಗುಮಾನಿ. ಅಡಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಾದ ಕರ್ನಾಟಕದಲ್ಲಿ ಸುಗ್ಗಿ ಮುಗಿದ ಮೇಲೆ ಸುಲಿದ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಹೊಗೆಯಾಡುವುದನ್ನು ನೋಡಿದವರಿಗೆ ಕಚ್ಚಾವಸ್ತುವಿನ ಚಿಂತೆ ಇರಲಾರದು. ಬೆಂಗಳೂರು ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಸಸ್ಯನಾರು-ಪ್ಲಾಸ್ಟಿಕ್ ಮಿಶ್ರಣಗಳ ಮೇಲೆ ಬಹಳ ಕೆಲಸ ನಡೆದಿದೆ.

◆ ಹೆಚ್ಚು ಜೇಡಿ ಹಾಕಿದರೆ ಹೆಚ್ಚು ಬಲ ಎಂಬ ಲೆಕ್ಕ ಇಲ್ಲಿ ನಡೆಯದು. ಶೇ. 3ರ ಆಸುಪಾಸಿನವರೆಗೆ ಬಲ ಏರುತ್ತದೆ; 5 ದಾಟುತ್ತಿದ್ದಂತೆ ಜೇಡಿ ಮತ್ತೆ ಗಂಟುಗಂಟಾಗಿ ಸೇರಿ, ಬಿರುಕು ಹುಟ್ಟಲು ಜಾಗ ಮಾಡಿಕೊಡುತ್ತದೆ. ಬಿಗಿ ಹೆಚ್ಚಾದಷ್ಟೂ ಪೆಟ್ಟು ತಾಳುವ ಶಕ್ತಿ ಕುಂದುವುದೂ ಸಾಮಾನ್ಯ. ಬಾಗದ ಹಲಗೆ, ಸುತ್ತಿಗೆ ಬಿದ್ದರೆ ಚಟ್ಟೆಂದು ಸೀಳಬಹುದು.

◆ ಜೇಡಿ ಬಿಡಿಯಾಗಿದೆ ಎಂದು ತಿಳಿಯುವುದು ಹೇಗೆ? ಎಕ್ಸ್-ರೇ ಹಾಯಿಸಿ. ಪದರಗಳು ಒಂದೇ ಅಂತರದಲ್ಲಿ ಜೋಡಿಸಿಕೊಂಡಿದ್ದರೆ ಗ್ರಾಫ್‌ನಲ್ಲಿ ಒಂದು ಶಿಖರ ಎದ್ದು ಕಾಣುತ್ತದೆ. ಆ ಅಂತರವನ್ನು ಲೆಕ್ಕ ಹಾಕುವ ಸೂತ್ರ ಬ್ರ್ಯಾಗ್ ಎಂಬ ತಂದೆ-ಮಗನದು. 1915ರಲ್ಲಿ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಒಟ್ಟಿಗೇ ಬಂತು. ಪ್ಲಾಸ್ಟಿಕ್ ಒಳಹೊಕ್ಕರೆ ಶಿಖರ ಎಡಕ್ಕೆ ಸರಿಯುತ್ತದೆ, ಪದರಗಳು ಪೂರ್ತಿ ಚದುರಿದರೆ ಮಾಯ. ಸಂಶೋಧಕರು ಗ್ರಾಫ್‌ನಲ್ಲಿ ಏನೂ ಕಾಣದಿದ್ದಾಗ ಹಿಗ್ಗುವ ಅಪರೂಪದ ಸಂದರ್ಭ ಇದು. ಆದರೆ ಜೇಡಿ ತೀರಾ ಕಡಿಮೆಯಿದ್ದರೂ ಶಿಖರ ಕಾಣದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವಿಲ್ಲದೆ ಬರೀ ಗ್ರಾಫ್ ತೋರಿಸಿ ಗೆದ್ದೆವೆನ್ನುವ ಪ್ರಬಂಧಗಳನ್ನು ನಾನಂತೂ ಅರ್ಧವೇ ನಂಬುತ್ತೇನೆ.

◆ ಜೇಡಿಯ ಪದರದ ಮೂಲಕ ನೀರಾಗಲಿ ಗಾಳಿಯಾಗಲಿ ತೂರಲಾರದು. ಸುತ್ತಿ ಬಳಸಿ ಹೋಗಬೇಕು. ದಾರಿ ಉದ್ದವಾದಷ್ಟೂ ಹಲಗೆ ನೆನೆಯುವುದು ನಿಧಾನ. 2002ರ ಡೇವಿಸ್ ಕಪ್ ಟೆನಿಸ್‌ನಲ್ಲಿ ಬಳಸಿದ ವಿಲ್ಸನ್ ಕಂಪನಿಯ ಡಬಲ್ ಕೋರ್ ಚೆಂಡಿನ ಒಳಮೈಗೂ ಜೇಡಿ ಬೆರೆತ ರಬ್ಬರಿನ ಲೇಪವಿತ್ತು. ಗಾಳಿ ಬೇಗ ಸೋರದೆ ಪುಟಿತ ಹೆಚ್ಚು ಕಾಲ ಉಳಿಯಲಿ ಎಂದು.

◆ ಬೆಂಕಿಯ ವಿಷಯಕ್ಕೆ ಬಂದರೆ, ಜೇಡಿ ಹಾಕಿದ ಹಲಗೆ ಉರಿಯುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉರಿಯುತ್ತದೆ. ಮೇಲ್ಮೈಯಲ್ಲಿ ಜೇಡಿ ಮತ್ತು ಇದ್ದಿಲಿನ ಹೊಪ್ಪಳೆ ಕಟ್ಟಿ, ಒಳಗಿನ ಇಂಧನ ಹೊರಬರುವುದನ್ನು ತಡೆಯುವುದರಿಂದ ಜ್ವಾಲೆಯ ಭರಾಟೆ ಇಳಿಯುತ್ತದೆ, ಅಷ್ಟೇ.

◆ ಮಧ್ಯ ಅಮೆರಿಕದ ಮಾಯಾ ಜನ ನೀಲಿ ಬಣ್ಣಕ್ಕೆ ಇಂಡಿಗೋವನ್ನು ಪಾಲಿಗೋರ್ಸ್ಕೈಟ್ ಎಂಬ ಜೇಡಿಯ ಜೊತೆ ಬಿಸಿ ಮಾಡುತ್ತಿದ್ದರು. ಬಣ್ಣದ ಅಣು ಜೇಡಿಯ ನ್ಯಾನೋ ಕೊಳವೆಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮೆಕ್ಸಿಕೋದ ಬೊನಾಂಪಾಕ್‌ನ ಭಿತ್ತಿಚಿತ್ರಗಳಲ್ಲಿ ಸಾವಿರದ ಇನ್ನೂರು ವರ್ಷ ದಾಟಿಯೂ ಆ ನೀಲಿ ಇದೆ.

◆ ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕದ ಅಚ್ಚಿನ ಮರಳನ್ನು ಹಿಡಿದಿಡುವುದು ಇದೇ ಬೆಂಟೊನೈಟ್. ಅನುಭವಿ ಕೆಲಸಗಾರ ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಅಮುಕಿ, ಎರಡು ತುಂಡು ಮಾಡಿ, ಮುರಿದ ಅಂಚು ನೋಡುತ್ತಾನೆ. ಅಂಚು ಚೊಕ್ಕಟವಾಗಿದ್ದರೆ ಹದ ಸರಿ. ಪುಡಿಪುಡಿಯಾದರೆ ನೀರೋ ಜೇಡಿಯೋ ಸಾಲದು.

◆ ಸಸ್ಯನಾರು ಇದೆ ಎಂದ ಮಾತ್ರಕ್ಕೆ ಹಲಗೆ ಮಣ್ಣಲ್ಲಿ ಮಣ್ಣಾಗುವುದಿಲ್ಲ. ನಾರು ಕೊಳೆತರೂ ಪ್ಲಾಸ್ಟಿಕ್ ಉಳಿಯುತ್ತದೆ. ಪುಡಿ ಮಾಡಿ ಕೆಲವು ಸಲ ಮತ್ತೆ ಕರಗಿಸಬಹುದು, ಪ್ರತಿ ಸಲವೂ ನಾರು ಗಿಡ್ಡವಾಗುತ್ತದೆ. ಪಾಲಿಪ್ರೊಪಿಲೀನಿನ ಅಣುಸರಪಳಿಯೂ ತುಂಡಾಗುತ್ತದೆ. ಬಿಸಿಲಿಗಿಟ್ಟರೆ ಬಣ್ಣ ಮಾಸುವುದು ಖಚಿತ; ಜೇಡಿಯಲ್ಲಿ ಉಳಿದ ಕಬ್ಬಿಣದ ಅಂಶ ಅದನ್ನು ಇನ್ನಷ್ಟು ಬೇಗ ಮಾಡಿಸಲೂಬಹುದು. ಪ್ಯಾಕೆಟ್ ಮೇಲೆ ಹಸಿರು ಎಲೆಯ ಚಿತ್ರ ಹಾಕುವವರು ಇದನ್ನು ಹೇಳುವುದಿಲ್ಲ. ಇಷ್ಟಾದರೂ, ಬಣ್ಣಬಣ್ಣ ಬೆರೆತು ಬೇರೆಲ್ಲಿಗೂ ಸಲ್ಲದ ಗುಜರಿ ಪ್ಲಾಸ್ಟಿಕ್‌ಗೆ ಹತ್ತಾರು ವರ್ಷದ ಕೆಲಸ ಸಿಗುವುದು ಸಣ್ಣ ಸಂಗತಿಯೇನಲ್ಲ. ಅಮೆರಿಕದ ಟ್ರೆಕ್ಸ್ ಕಂಪನಿ ಅಂಗಳದ ಹಲಗೆಗಳನ್ನು ಮಾಡುವುದೇ ಮರದ ಹೊಟ್ಟು ಮತ್ತು ಹಳೆಯ ಪ್ಲಾಸ್ಟಿಕ್ ಕವರುಗಳಿಂದ.

◆ ಇಂಥ ಹಲಗೆಗಳು ಬಹುಪಾಲು ಕಂದು, ಬೂದು, ಕಪ್ಪು ಬಣ್ಣದಲ್ಲೇ ಏಕೆ? ಕೆಂಪು ಬಕೆಟ್ಟು, ನೀಲಿ ಡ್ರಮ್ಮು, ಹಸಿರು ಕೊಡ ಎಲ್ಲ ಒಟ್ಟಿಗೆ ಕರಗಿದರೆ ಬರುವ ಬಣ್ಣವೇ ಅದು.

◆ ಜೇಡಿ ಪುಡಿ ಸುರಿಯುವವರಿಗೆ ಮಾಸ್ಕ್ ಕಡ್ಡಾಯ. ಬೆಂಟೊನೈಟ್‌ನಲ್ಲಿ ಹರಳು ರೂಪದ ಸಿಲಿಕಾ ಬೆರೆತಿರುತ್ತದೆ. ಉಸಿರಲ್ಲಿ ಸೇರುವ ಆ ಸಿಲಿಕಾ ದೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮೊದಲ ಗುಂಪಿಗೆ ಸೇರಿಸಿದೆ. ಪ್ಲಾಸ್ಟಿಕ್‌ನಲ್ಲಿ ಬೆರೆತ ಮೇಲೆ ಆ ಚಿಂತೆ ಕಡಿಮೆ. ಗರಗಸ ಹಾಕುವಾಗ ಮತ್ತೆ ಎಚ್ಚರ.

◆ ಪ್ಲೈವುಡ್ ಅಂಗಡಿಯಲ್ಲಿ ಡಬ್ಲ್ಯುಪಿಸಿ (ಮರ-ಪ್ಲಾಸ್ಟಿಕ್ ಮಿಶ್ರಣ) ಬಾಗಿಲು, ಚೌಕಟ್ಟು ಎಂದು ಮಾರುವುದರಲ್ಲಿ ಹೆಚ್ಚಿನವು ಪಿವಿಸಿ ಆಧಾರದವು. ಮರದ ಪುಡಿ ಅದರಲ್ಲಿ ಎಷ್ಟಿದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಯಾವ ಪ್ಲಾಸ್ಟಿಕ್, ನಾರು ನೂರಕ್ಕೆ ಎಷ್ಟು, 24 ಗಂಟೆ ನೀರಲ್ಲಿಟ್ಟರೆ ತೂಕ ಎಷ್ಟು ಏರುತ್ತದೆ, ಈ ಮೂರನ್ನು ಕೇಳಿ. ಮೇಲೆ ‘ನ್ಯಾನೋ’ ಸ್ಟಿಕ್ಕರ್ ಅಂಟಿಸಿದ್ದರೆ ಟೆಸ್ಟ್ ರಿಪೋರ್ಟ್ ಕೊಡಿ ಎನ್ನಿ.